ಆಯಿಲ್ ಕೂಲರಿಗೆ ಸುತ್ತಿದ ನಾರು

ನಾಚಿಕೆಯ ಸಂಗತಿಯೊಂದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಉಣ್ಣುವ ಅನ್ನ ಪೈಪಿನದು. ಇಪ್ಪತ್ತು ವರ್ಷಗಳಿಂದ ಕುವೈತಿನ ಆಫೀಸೊಂದರಲ್ಲಿ ಕೂತು, ಮರಳಿನ ಮೇಲೆ ಮೈಲಿಗಟ್ಟಲೆ ಎಣ್ಣೆ ಹರಿಸುವ ಪೈಪುಗಳ ನಕ್ಷೆ ಬರೆಯುತ್ತಿದ್ದೇನೆ. ಒಬ್ಬ ಮನುಷ್ಯ ತೆವಳಿಕೊಂಡು ಹೋಗಬಹುದಾದಷ್ಟು ದಪ್ಪನೆಯ ಪೈಪಿಗೆ ಯಾವ ಜೋಡಣೆ ಬೇಕೆಂದು ಕೇಳಿದರೆ ಟೀ ಲೋಟ ಕೆಳಗಿಡದೆ ಹೇಳಬಲ್ಲೆ. ಅಂಥ ನಾನು ಕಳೆದ ತಿಂಗಳು, ನನ್ನ ಸ್ವಂತ ಕಾರಿನ ಹೆಬ್ಬೆರಳು ಗಾತ್ರದ ಕೊಳವೆಗೆ ಸರಿಯಾದ ಜೋಡಣೆ ಆರಿಸಲಾರದೆ ಅಂಗಡಿಯ ಮುಂದೆ ಬೆಪ್ಪನಂತೆ ನಿಂತಿದ್ದೆ.

ಗಾಡಿಗೆ ಹದಿನಾರು ವರ್ಷ. ಈ ಊರಿನ ಬೇಸಿಗೆಯಲ್ಲಿ ಎಂಜಿನ್ನಿನ ಎಣ್ಣೆ ಬಾಣಲೆಯ ಎಣ್ಣೆಯೊಂದಿಗೆ ಪೈಪೋಟಿಗೆ ಬೀಳುವುದರಿಂದ, ಅದನ್ನು ತಣಿಸಲೆಂದೇ ರೇಡಿಯೇಟರಿನ ಮುಂದೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದೇ ಆಯಿಲ್ ಕೂಲರ್. ಒಂದು ಕೊಳವೆಯಲ್ಲಿ ಬಿಸಿ ಎಣ್ಣೆ ಹೋಗುತ್ತದೆ, ಇನ್ನೊಂದರಲ್ಲಿ ಅದೇ ಎಣ್ಣೆ ಕೊಂಚ ಸಮಾಧಾನಗೊಂಡು ವಾಪಸ್ಸು ಬರುತ್ತದೆ. ನನ್ನ ತಲೆಗೂ ಅಂಥದೊಂದು ಇದ್ದಿದ್ದರೆ ಎಂದು ಆಫೀಸಿನ ಮೀಟಿಂಗುಗಳಲ್ಲಿ ಎಷ್ಟೋ ಸಲ ಅನ್ನಿಸಿದೆ. ಆ ಎರಡೂ ಕೊಳವೆಗಳು ಬಿರುಕು ಬಿಟ್ಟು, ಸಾಲ್ಮಿಯಾದ ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ ದಿನಕ್ಕೊಂದು ಕಪ್ಪು ರಂಗೋಲಿ ಬೀಳತೊಡಗಿತು. ಅಷ್ಟರಲ್ಲಿ ಫಹಸ್, ಅಂದರೆ ಗಾಡಿಯ ವಾರ್ಷಿಕ ತಪಾಸಣೆ ಬಂತು. ಎಣ್ಣೆ ತೊಟ್ಟಿಕ್ಕುವ ಗಾಡಿಯನ್ನು ಅಲ್ಲಿ ಪಾಸು ಮಾಡುವುದಿಲ್ಲ, ಪಾಸಾಗದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ.

“ಸಾಕು ಕಣ್ರೀ, ಗುಜರಿಗೆ ಕೊಟ್ಬಿಡಿ” ಎಂದಳು ನನ್ನ ಹೆಂಡತಿ ವೀಣಾ. ಅವಳು ಬ್ಯಾಂಕಿನಲ್ಲಿದ್ದಾಳೆ, ಓಡಾಡಲು ಅವಳದೇ ಒಂದು ಪುಟ್ಟ ಕಾರಿದೆ. ಮಗಳು ಫೋನಿನಿಂದ ತಲೆ ಎತ್ತದೆ, “ಜಸ್ಟ್ ಲೆಟ್ ಇಟ್ ಗೋ, ಅಪ್ಪಾ” ಎಂದಳು. ಫಹಸ್‌ನಲ್ಲಿ ಫೇಲಾದರೆ ಮರುಮಾತಿಲ್ಲದೆ ಗುಜರಿಗೆ ಎಂದು ನಾನು ಒಪ್ಪಿಕೊಳ್ಳಬೇಕಾಯಿತು. ಒಪ್ಪುವ ಮೊದಲು ಎಂಜಿನ್ನಿನ ಗಟ್ಟಿತನ, ಹೊಸ ಗಾಡಿಗಳ ಪೊಳ್ಳುತನ, ಹಳೆಯ ಏಸಿಯ ತಂಪು ಎಂದೆಲ್ಲ ಸಾಕಷ್ಟು ಭಾಷಣ ಬಿಗಿದೆ. ನಿಜವಾದ ಕಾರಣ ಬೇರೆಯೇ ಇತ್ತು. ಅದನ್ನು ವೀಣಾಳಿಗೆ ಹೇಳಲು ಯಾಕೋ ಬಾಯಿ ಬರಲಿಲ್ಲ, ನಿಮಗೆ ಹೇಳುತ್ತೇನೆ. ನಾನು ದುಡಿದು ಕೊಂಡ ಗಾಡಿಗಳ ಪೈಕಿ ನನ್ನ ಅಪ್ಪ ಕೂತದ್ದು ಇದೊಂದರಲ್ಲಿ ಮಾತ್ರ.

ಚನ್ನರಾಯಪಟ್ಟಣದಲ್ಲಿ ಅಪ್ಪನದು ಪೈಪು, ನಲ್ಲಿಗಳ ಅಂಗಡಿ. ಗಿರಾಕಿಗಳು ಅಳತೆಯನ್ನು ಅಂಕಿಯಲ್ಲಿ ಹೇಳುತ್ತಿರಲಿಲ್ಲ. ಒಬ್ಬರು ಪೊರಕೆಕಡ್ಡಿಯನ್ನು ಪೈಪಿನ ಬಾಯಿಗಿಟ್ಟು ಮುರಿದು ತರುತ್ತಿದ್ದರು, ಇನ್ನೊಬ್ಬರು ಎರಡು ಬೆರಳು ಅಗಲಿಸಿ, ಆ ಬೆರಳು ಅಲುಗದ ಹಾಗೆ ಬಸ್‌ಸ್ಟ್ಯಾಂಡಿನಿಂದ ನಡೆದು ಬರುತ್ತಿದ್ದರು. ಅಪ್ಪ ಕಡ್ಡಿಯನ್ನೋ ಬೆರಳನ್ನೋ ನೋಡಿ, “ಬೋರ್‌ವೆಲ್‌ಗೋ, ಮನೆಗೋ? ಹಳೇದೋ, ಹೊಸ್ದೋ?” ಎಂದು ಎರಡು ಪ್ರಶ್ನೆ ಕೇಳಿ, ಹಿಂದಿರುಗಿ ನೋಡದೆ ಕೈಹಾಕಿ ಬೇಕಾದ್ದನ್ನು ತೆಗೆಯುತ್ತಿದ್ದರು. ಜೊತೆಗೆ ಒಂದು ಹಿಡಿ ಸೆಣಬಿನ ನಾರು. ತಿರುಪಿನ ಗೆರೆಗಳ ಮೇಲೆ ನಾರು ಸುತ್ತಿ, ಮೇಲೆ ಪೇಂಟು ಬಳಿದು ಬಿಗಿದರೆ ಆ ಜೋಡಣೆ ಒಂದು ತಲೆಮಾರು ಸೋರುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಗೆ ಮೊದಲೇ ನಾನು ಆ ಸುತ್ತುವಿಕೆಯಲ್ಲಿ ಪಾಸಾಗಿದ್ದೆ.

ಹನ್ನೆರಡು ವರ್ಷಗಳ ಹಿಂದೆ ಅಪ್ಪ ಮೂರು ತಿಂಗಳ ವೀಸಾದಲ್ಲಿ ಇಲ್ಲಿಗೆ ಬಂದಿದ್ದರು. ಎಲ್ಲರ ಮನೆಯವರೂ ಊರಿಂದ ಉಪ್ಪಿನಕಾಯಿ, ಹುಳಿಪುಡಿ ತಂದರೆ ನಮ್ಮಪ್ಪನ ಸೂಟ್‌ಕೇಸಿನಿಂದ ಹೊರಬಂದದ್ದು ಒಂದು ದೊಡ್ಡ ಉಂಡೆ ನಾರು. “ಈ ಮರಳುಗಾಡ್ನಲ್ಲಿ ಸಿಗ್ತದೋ ಇಲ್ವೋ” ಎಂದರು. ಬಂದ ಮರುದಿನವೇ ನಮ್ಮ ಅಡುಗೆಮನೆಯ ನಲ್ಲಿ ಬಿಚ್ಚಿ, ನಾರು ಸುತ್ತಿ ಕೂರಿಸಿದರು. ಅದು ಇವತ್ತಿಗೂ ಒಂದು ಹನಿ ಸೋರಿಲ್ಲ. ಸಂಜೆ ಕಡಲ ದಂಡೆಯ ರಸ್ತೆಯಲ್ಲಿ ಕರೆದೊಯ್ದರೆ ಸಮುದ್ರ ನೋಡುವುದು ಬಿಟ್ಟು ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಿದ್ದರು. ಊರಿಗೆ ಹೋದ ಮುಂದಿನ ವರ್ಷ ತೀರಿಕೊಂಡರು. ನಾರಿನ ಉಂಡೆ ಸ್ಪ್ಯಾನರುಗಳ ಡಬ್ಬಿಯಲ್ಲಿ ಉಳಿಯಿತು.

ಹೀಗಾಗಿ ಒಂದು ಗುರುವಾರ, ಬಾಸ್ಮತಿ ಅಕ್ಕಿಯ ಖಾಲಿ ಚೀಲದಲ್ಲಿ ಹಳೆಯ ಕೊಳವೆಗಳನ್ನು ತುಂಬಿಕೊಂಡು ಟ್ಯಾಕ್ಸಿಯಲ್ಲಿ ಶುವೈಖಿಗೆ ಹೋದೆ. ಗ್ಯಾರೇಜು, ಬಿಡಿಭಾಗಗಳ ಅಂಗಡಿಗಳದೇ ಒಂದು ಲೋಕ ಅದು. ಅಲ್ಲಿ ಕೊಳವೆಗಳನ್ನು ಅಳತೆಗೆ ಕತ್ತರಿಸಿ, ತುದಿಗೆ ಫಿಟ್ಟಿಂಗ್ ಒತ್ತಿಕೊಡುವ ಅಂಗಡಿಯಲ್ಲಿ ಮೂಡಬಿದಿರೆ ಕಡೆಯ ಶೇಖರಣ್ಣ ಇದ್ದಾರೆ. ಅವರ ಹಿಂದಿನ ಗೋಡೆಯ ತುಂಬ ಫಿಟ್ಟಿಂಗುಗಳು: ನೆಟ್ಟಗಿನವು, ಅರ್ಧ ಬಾಗಿದವು, ಪೂರ್ತಿ ಬಾಗಿದವು, ಕೆಂಪು ನೀಲಿ ಬಣ್ಣ ಬಳಿದುಕೊಂಡವು. ಈ ಲೋಹದ ತುಂಡುಗಳಲ್ಲಿ ನಮ್ಮಲ್ಲಿರುವಷ್ಟೇ ಜಾತಿಗಳಿವೆ. ಇಂಗ್ಲೆಂಡಿನ ಥ್ರೆಡ್ಡು, ಅಂದರೆ ತಿರುಪಿನ ಗೆರೆ, ಬೇರೆ, ಅಮೆರಿಕದ್ದು ಬೇರೆ, ಮಿಲಿಮೀಟರಿನದು ಇನ್ನೂ ಬೇರೆ. ಕಣ್ಣಿಗೆ ಎಲ್ಲ ಒಂದೇ. ಕೈಯಲ್ಲಿ ತಿರುಗಿಸಿದರೆ ಎರಡು ಸುತ್ತು ನೆಂಟರಂತೆ ಒಳಗೆ ಹೋಗುತ್ತವೆ, ಮೂರನೆಯದಕ್ಕೆ ಹಟ ಹಿಡಿದು ನಿಲ್ಲುತ್ತವೆ. ನಮ್ಮ ಕಡೆಯ ಕನ್ನಡವೂ ಶೇಖರಣ್ಣನ ಕನ್ನಡವೂ ಮೊದಮೊದಲು ಹೀಗೇ ಇದ್ದವು.

ನಾನು ಅಂದವಾಗಿ ಕಂಡ, ಪೂರ್ತಿ ಬಾಗಿದ ನೀಲಿಯ ಕಡೆ ಬೆರಳು ತೋರಿಸಿದೆ. “ಅದು ಚಂದಕ್ಕೆ ಸಾರ್, ಗಾಡಿಯ ಅಡಿ ಹೋಗಿ ಯಾರು ನೋಡ್ತಾರೆ?” ಎಂದರು ಶೇಖರಣ್ಣ. ಕೊಳವೆ ಎಲ್ಲಿ ತಿರುಗುತ್ತದೆ, ಸುತ್ತ ಎಷ್ಟು ಜಾಗವಿದೆ ಎಂದು ಎರಡೇ ಪ್ರಶ್ನೆ ಕೇಳಿ, ಹಿಂದಿರುಗಿ ನೋಡದೆ ಗೋಡೆಗೆ ಕೈಹಾಕಿ, ಅರ್ಧ ಬಾಗಿದ ಬೋಳು ಉಕ್ಕಿನ ಫಿಟ್ಟಿಂಗುಗಳನ್ನು ತೆಗೆದರು. ಅದು ಅಪ್ಪನ ಕೈಯೇ ಅನ್ನಿಸಿ, ಆ ಕೈಯನ್ನೇ ನೋಡುತ್ತ ನಿಂತೆ. ಅವರು ಇನ್ನೇನೋ ಹೇಳುತ್ತಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ.

ಶುಕ್ರವಾರ ರಜೆ. ಹಳೆಯ ಲುಂಗಿಯೊಂದನ್ನು ಹಾಸಿಕೊಂಡು ಗಾಡಿಯ ಅಡಿ ಮಲಗಿದೆ. ಫಿಟ್ಟಿಂಗನ್ನು ಕೈಯಲ್ಲಿ ಹಿಡಿದದ್ದೇ ತಡ, ಮೂವತ್ತು ವರ್ಷ ಹಿಂದಿನ ಬೆರಳುಗಳು ಎಚ್ಚರಗೊಂಡವು. ಅಪ್ಪನ ನಾರನ್ನು ತೆಗೆದು ಎಳೆಎಳೆಯಾಗಿ ಬಿಡಿಸಿ, ಥ್ರೆಡ್ಡಿನ ಮೇಲೆ ಒತ್ತೊತ್ತಾಗಿ ಸುತ್ತಿ ಬಿಗಿದೆ. ಇಪ್ಪತ್ತು ವರ್ಷದ ಎಂಜಿನಿಯರಿಕೆಯನ್ನು ಆ ಹೊತ್ತು ಯಾವ ಮೂಲೆಯಲ್ಲಿ ಇಟ್ಟಿದ್ದೆನೋ ಗೊತ್ತಿಲ್ಲ. ಗಾಡಿ ಚಾಲೂ ಮಾಡಿದೆ. ಐದು ನಿಮಿಷಕ್ಕೆ ಎಣ್ಣೆ ಮೊದಲಿಗಿಂತ ಧಾರಾಳವಾಗಿ ಸುರಿಯಿತು. ವೀಣಾ ಬಾಲ್ಕನಿಯಿಂದ ನೋಡಿ, ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು.

ಶನಿವಾರ ಮತ್ತೆ ಅಕ್ಕಿಚೀಲ, ಮತ್ತೆ ಟ್ಯಾಕ್ಸಿ. ಶೇಖರಣ್ಣ ಫಿಟ್ಟಿಂಗನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಒಂದು ಎಳೆ ನಾರು ಕೆರೆದು ತೆಗೆದರು.

“ಇದೆಂತ ಮಾರಾಯ್ರೆ, ಗಾಡಿಗೆ ಜಡೆ ಹೆಣೆದಿದ್ದೀರಾ?” ಎಂದರು. ಆಮೇಲೆ, ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ತೋರಿಸಿಕೊಟ್ಟರು. “ಇದರಲ್ಲಿ ಎಣ್ಣೆ ತಡೆಯುವುದು ಥ್ರೆಡ್ಡಲ್ಲ ಸಾರ್. ಒಳಗೆ ಈ ಚೂಪು ಮೂತಿ ಉಂಟಲ್ಲ, ಅದು ಎದುರಿನ ಗುಂಡಿಯಲ್ಲಿ ಸರಿಯಾಗಿ ಕೂತ್ರೆ ಆಯ್ತು. ಥ್ರೆಡ್ಡು ಸುಮ್ಮನೆ ಹಿಡ್ಕೊಳ್ಳುವುದು ಅಷ್ಟೆ. ನೀವು ನಾರು ತುಂಬಿಸಿದ್ದಕ್ಕೆ ಮೂತಿ ಗುಂಡಿಯವರೆಗೆ ಹೋಗ್ಲೇ ಇಲ್ಲ. ಆ ನಾರು ಕೂಲರಿನ ಒಳಗೆ ಹೋಗಿದ್ರೆ ಗಾಡಿ ಖಲಾಸ್.”

ಅಪ್ಪ ತಂದ ನಾರು ಎಂದು ತಡವರಿಸಿ ಹೇಳಿದೆ. ಶೇಖರಣ್ಣ ನಗುವುದನ್ನು ನಿಲ್ಲಿಸಿದರು. “ಅವರು ಮಾಡಿದ್ದು ತಪ್ಪಲ್ಲ ಸಾರ್. ನೀರಿನ ಪೈಪಿಗೆ ಅದೇ ಸರಿ” ಎಂದು, ಸೂಜಿಯೊಂದನ್ನು ಹಿಡಿದು ಗೆರೆಗೆರೆಯಿಂದಲೂ ನಾರು ಬಿಡಿಸಿ, ಒರೆಸಿ ಕೊಟ್ಟರು. ಆ ಎಳೆಗಳನ್ನು ಕಸಕ್ಕೆ ಹಾಕದೆ ಒಂದು ಕಾಗದದಲ್ಲಿ ಮಡಿಸಿ ನನ್ನ ಕೈಗಿತ್ತರು. ಅದನ್ನು ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಅಂದು ಸಂಜೆ, ಯಾವ ನಾರೂ ಇಲ್ಲದೆ, ಮೂತಿಯನ್ನು ಗುಂಡಿಗೆ ಕೂರಿಸಿ, ಬೇಕಾದಷ್ಟೇ ಬಿಗಿದೆ. ಕೆಳಗೆ ರಟ್ಟು ಹಾಸಿ ಅರ್ಧ ಗಂಟೆ ಎಂಜಿನ್ ಓಡಿಸಿದೆ. ರಟ್ಟು ಒಣಗಿಯೇ ಇತ್ತು. ಸಂತೋಷವಾಯಿತು, ಅಪ್ಪನ ವಿದ್ಯೆ ಇಲ್ಲಿ ಕೆಲಸಕ್ಕೆ ಬರಲಿಲ್ಲವಲ್ಲ ಎಂದು ಸಂಕಟವೂ ಆಯಿತು.

ಬುಧವಾರ ಫಹಸ್‌ಗೆ ವೀಣಾ ತಾನೂ ಬರುತ್ತೇನೆಂದಳು. ಫೇಲಾದರೆ ನಾನು ಮಾತು ತಪ್ಪದಂತೆ ನೋಡಿಕೊಳ್ಳಲು ಇರಬೇಕು ಎಂದುಕೊಂಡೆ. ತಪಾಸಣೆಯವನು ದೀಪ, ಬ್ರೇಕು ನೋಡಿದ. ಬಗ್ಗಿ ಟಾರ್ಚ್ ಬಿಟ್ಟ. ನಾನೂ ಅವನ ಹಿಂದೆ ಬಗ್ಗಿ ನೋಡುವಷ್ಟರಲ್ಲಿ ಎದ್ದು ಕಾಗದಕ್ಕೆ ಪಾಸಿನ ಠಸ್ಸೆ ಒತ್ತಿ, “ಯಲ್ಲಾ” ಎಂದು ಹೊರಡಲು ಕೈಬೀಸಿ ಮುಂದಿನ ಗಾಡಿಗೆ ಹೋದ.

ವಾಪಸ್ಸು ಬರುವಾಗ ವೀಣಾ ಕೇಳಿದಳು, “ಮಾವ ಕೂತಿದ್ದ ಗಾಡಿ ಅಂತ ತಾನೆ ಇಷ್ಟೆಲ್ಲ?”

ಹೌದೆಂದೆ.

“ಅದನ್ನ ಮೊದಲೇ ಹೇಳಿದ್ರೆ ನಾನ್ಯಾಕೆ ಗುಜರಿ ಅಂತಿದ್ದೆ? ನೀವು ಏಸಿ, ಎಂಜಿನ್ನು ಅಂತ ತಲೆ ತಿಂದ್ರಿ, ನಿಮಗೆ ಅದು ನೆನಪೇ ಇಲ್ಲ ಅಂದ್ಕೊಂಡೆ.” ಏಸಿಯ ಗಾಳಿ ಕೊಂಚ ತಗ್ಗಿಸಿ ಮುಂದುವರಿಸಿದಳು. “ಮಾವ ಇಲ್ಲಿಗೆ ಬಂದಾಗ ನನಗೆ ಆಗಷ್ಟೇ ಲೈಸೆನ್ಸ್ ಬಂದಿತ್ತು. ನೀವು ನನ್ನ ಪಕ್ಕ ಕೂರೋಕೆ ಹೆದರ್ತಿದ್ರಿ. ನೀವು ಆಫೀಸ್ ಬಸ್ಸಲ್ಲಿ ಹೋದ ಮೇಲೆ, ಇದೇ ಗಾಡೀಲಿ ಮಗೂನ ಸ್ಕೂಲಿಂದ ಕರ್ಕೊಂಡು ಬರೋಕೆ ದಿನಾ ನನ್ನ ಜೊತೆ ಬರ್ತಿದ್ದದ್ದು ಮಾವ. ಮೂರು ತಿಂಗಳು. ಒಂದು ದಿನಾನೂ ನಿಧಾನ ಹೋಗು ಅಂತ ಅನ್ನಲಿಲ್ಲ.”

ಇದು ನನಗೆ ಗೊತ್ತೇ ಇರಲಿಲ್ಲ. ಅಪ್ಪನ ನೆನಪು ನನ್ನೊಬ್ಬನ ಆಸ್ತಿ ಎಂಬಂತೆ ಬಚ್ಚಿಟ್ಟುಕೊಂಡು ಕೂತಿದ್ದೆ. ಗಾಡಿಯನ್ನು ಬದಿಗೆ ನಿಲ್ಲಿಸಿ ಇಳಿದು, ಅವಳನ್ನು ಸ್ಟಿಯರಿಂಗಿಗೆ ಕೂರಿಸಿ, ನಾನು ಪಕ್ಕದ ಸೀಟಿಗೆ ಬಂದೆ. ಸಾಲ್ಮಿಯಾ ತಲುಪುವವರೆಗೆ ನನ್ನ ಬಲಗಾಲು ಅಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಬಾಯಿ ಮಾತ್ರ ಬಿಡಲಿಲ್ಲ. ಅಪ್ಪ ಮೂರು ತಿಂಗಳು ಮಾಡಿದ್ದನ್ನು ನಾನು ಇಪ್ಪತ್ತು ನಿಮಿಷ ಮಾಡಿದೆ, ಅಷ್ಟಕ್ಕೇ ಮೈ ಬೆವೆತುಹೋಗಿತ್ತು.