ಎಕೋ ಬರೆಯುವ ಅಧಿಕಾರ

ಕೊಲ್ಲಿ ದೇಶದ ಸುವೈಕ್ ಮಾರುಕಟ್ಟೆಯ ಹಿಂದಿನ ಸಣ್ಣ ಕ್ಲಿನಿಕ್ಕಿನಲ್ಲಿ ನಾನು ಬಹಳ ವರ್ಷಗಳಿಂದ ಕುಟುಂಬ ವೈದ್ಯೆ. ಜ್ವರ, ಸಕ್ಕರೆ ಕಾಯಿಲೆ, ಬಿಪಿ, ಮಕ್ಕಳ ಕೆಮ್ಮು, ಇಷ್ಟರಲ್ಲೇ ದಿನ ಕಳೆಯುತ್ತದೆ. ಪರದೆ ಬಟ್ಟೆಯ ಅಂಗಡಿ ಇಟ್ಟಿದ್ದ ಬಂಟ್ವಾಳ ಕಡೆಯ ಬ್ಯಾರಿಯೊಬ್ಬರು ಹೆಂಡತಿ ಎಳೆದುಕೊಂಡು ಬಂದರೆ ಮಾತ್ರ ನನ್ನ ಬಾಗಿಲಿಗೆ ಬರುತ್ತಿದ್ದರು. ಆ ದಿನ ಒಬ್ಬರೇ ಬಂದರು.

"ಎಂತ ಇಲ್ಲ ಡಾಕ್ಟ್ರೇ, ಮೆಟ್ಟಿಲು ಹತ್ತುವಾಗ ಸ್ವಲ್ಪ ದಮ್ಮು ಕಟ್ಟುದು. ಮೊನ್ನೆ ಬಟ್ಟೆಯ ರೋಲ್ ಎತ್ತುವಾಗ ಕಣ್ಣು ಕತ್ತಲೆ ಬಂತು. ಮನೆಯವಳಿಗೆ ಹೇಳ್ಬೇಡಿ, ಸುಮ್ಮನೆ ಹೆದರ್ತಾಳೆ."

ಎದೆಗೆ ಸ್ಟೆಥಾಸ್ಕೋಪ್ ಇಟ್ಟೆ. ಮರ ಕೊಯ್ಯುವಂಥ ಒರಟು ಸದ್ದು ಕತ್ತಿನವರೆಗೂ ಕೇಳುತ್ತಿತ್ತು. ಹೃದಯದ ಒಂದು ಕವಾಟ ಬಿಗಿದುಕೊಂಡಿದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಎಷ್ಟು ಬಿಗಿದಿದೆ, ಆಪರೇಶನ್ ಎಷ್ಟು ಬೇಗ ಬೇಕು ಎಂದು ತಿಳಿಯಲು ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಗಬೇಕಿತ್ತು. ಅರ್ಧ ಗಂಟೆಯ ಪರೀಕ್ಷೆ, ಸೂಜಿಯಿಲ್ಲ, ನೋವಿಲ್ಲ.

ನಾನು ಬರೆದುಕೊಟ್ಟ ಚೀಟಿ ಮರುದಿನವೇ ದೊಡ್ಡಾಸ್ಪತ್ರೆಯಿಂದ ವಾಪಸು ಬಂತು. ಎಕೋ ಬರೆಯುವ ಅಧಿಕಾರ ಹೃದಯತಜ್ಞರಿಗೆ ಮಾತ್ರ. ರೋಗಿ ಮೊದಲು ಅವರನ್ನು ಕಾಣಬೇಕು. ಅವರು ಸಿಗುವುದು ಆರು ವಾರಗಳ ನಂತರ. ಎಕೋ ಮಾಡುವ ಕೋಣೆಗೇ ಫೋನ್ ಮಾಡಿದೆ. ಅಲ್ಲಿನ ಮಲಯಾಳಿ ಟೆಕ್ನೀಷಿಯನ್ ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು, ಇವತ್ತು ಮಧ್ಯಾಹ್ನದ ಮೇಲೆ ಯಂತ್ರ ಖಾಲಿಯೇ ಇದೆ, ಆದರೆ ತಜ್ಞರ ಸಹಿ ಇಲ್ಲದೆ ತಾನು ಮುಟ್ಟುವಂತಿಲ್ಲ ಎಂದು.

ಬ್ಯಾರಿಯವರನ್ನು ತುರ್ತು ವಿಭಾಗಕ್ಕೆ ಕಳುಹಿಸಿದೆ. ಇಸಿಜಿ, ರಕ್ತ ನೋಡಿ, ಹಾರ್ಟ್ ಅಟ್ಯಾಕ್ ಅಲ್ಲ, ತಜ್ಞರ ದಿನಕ್ಕೆ ಬನ್ನಿ ಎಂದು ಕಳುಹಿಸಿದರು. ಅವರು ನಗುತ್ತ ನನ್ನ ಹತ್ತಿರ ಬಂದರು. "ನೋಡಿ, ಖಲಾಸ್! ನೀವೇ ಜಾಸ್ತಿ ಹೆದರಿದ್ದು."

"ಭಾರ ಎತ್ತಬೇಡಿ ಮಾರಾಯ್ರೆ. ಇದು ತಮಾಷೆ ಅಲ್ಲ."

"ಎತ್ತದೆ ಅಂಗಡಿ ನಡೀತದಾ?"

ತುರ್ತು ಎಂದು ಬರೆದು ಮತ್ತೊಂದು ಪತ್ರ ಕಳುಹಿಸಿದೆ. ತಜ್ಞರ ದಿನ ಒಂದು ವಾರ ಬೇಗ ಸಿಕ್ಕಿತು. ಆ ದಿನ ಬರುವ ಮೊದಲೇ, ಇಳಿಹೊತ್ತಿನ ಅಸರ್ ನಮಾಜಿಗೆಂದು ಅಂಗಡಿಯ ಶಟರ್ ಎಳೆಯುತ್ತಿದ್ದ ಅವರು ಅಲ್ಲೇ ಕುಸಿದರು. ಪಕ್ಕದ ಅಂಗಡಿಯವರು ನನ್ನ ಕ್ಲಿನಿಕ್ಕಿಗೇ ಹೊತ್ತು ತಂದರು. ನಾನು ಎದೆ ಒತ್ತಿದೆ, ಕೈ ಸೋಲುವವರೆಗೆ ಒತ್ತಿದೆ. ಆಮೇಲೆ ಅದೇ ಸ್ಟೆಥಾಸ್ಕೋಪ್ ಇಟ್ಟು ಕೇಳಿದೆ. ಯಾವ ಸದ್ದೂ ಇರಲಿಲ್ಲ.

ಗಂಡ ತೀರಿದ ಮೇಲೆ ಮನೆಯೊಳಗೇ ಕಳೆಯುವ ಇದ್ದಾ ಅವಧಿ ಮುಗಿಸಿ, ಊರಿಗೆ ಹೋಗುವ ಮುಂಚೆ ಅವರ ಹೆಂಡತಿ ತನ್ನ ಸಕ್ಕರೆ ಮಾತ್ರೆಗೆ ಬಂದರು. ಚೀಟಿ ಬರೆದು ಮುಗಿಸಿದರೂ ಏಳಲಿಲ್ಲ.

"ಅವರಿಗೆ ಹೀಗೆ ಉಂಟೂಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ನನ್ನತ್ರ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಡಿ ಅಂದಿದ್ರು. ಒಂದು ಪರೀಕ್ಷೆ ಆಗ್ಬೇಕಿತ್ತು."

"ಮತ್ತೆ ಆ ಪರೀಕ್ಷೆ ಯಾಕೆ ಮಾಡ್ಲಿಲ್ಲ?"

ನಿಯಮವನ್ನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮುಖದಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದವರ ಹಾಗೆ ನನ್ನನ್ನೇ ನೋಡಿದರು. "ಅಂದ್ರೆ, ನೀವು ಡಾಕ್ಟ್ರು ಅಲ್ವಾ?"

ಅವರು ಮಾತ್ರೆಯ ಚೀಟಿ ಬ್ಯಾಗಿಗೆ ಹಾಕಿಕೊಂಡು ಹೊರಟುಹೋದರು.

ಕಳೆದ ವರ್ಷ ಕುಟುಂಬ ವೈದ್ಯರೂ ನೇರವಾಗಿ ಎಕೋ ಬರೆಯಬಹುದು ಎಂದು ಇಲಾಖೆಯ ಪತ್ರ ಬಂತು. ಸಹೋದ್ಯೋಗಿಗಳು ಹಲ್ವಾ ಹಂಚಿದರು. ಕಾರಿಗೆ ಹೋಗಿ ಕುಳಿತೆ. ಮನೆಗೆ ಹೊರಡಬೇಕಿತ್ತು. ಆ ಪರದೆ ಅಂಗಡಿಯ ಶಟರ್ ಮುಂದೆ ಹೋಗಿ ಗಾಡಿ ನಿಲ್ಲಿಸಿದೆ.