ಹುಳದ ಮನೆಯ ಬಾಗಿಲು, ಅವ್ವನ ಕೋಣೆಯ ಬಾಗಿಲು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದೆರಡು ವಿವರ ಹೆಚ್ಚುಕಮ್ಮಿ ಆಗಿರಬಹುದು. ಬಸ್ಸಿನಲ್ಲಿ ಆ ಮಾತು ಆಡಿದ್ದು ಕಂಡಕ್ಟರೋ, ಕಂಬಿ ಹಿಡಿದು ನಿಂತಿದ್ದ ಟವೆಲ್ಲಿನವರೋ, ಈಗ ಖಾತ್ರಿಯಿಲ್ಲ. ಇನ್ನೂ ತಿಂಗಳಾಗಿಲ್ಲ, ಆಗಲೇ ಮಸುಕು. ನನಗೆ ಡೈರಿ ಬರೆಯುವ ಅಭ್ಯಾಸವಿದೆ. ಆದರೆ ಡೈರಿಯಲ್ಲಿ ಇರುವುದು ನಾನು ಬರೆದದ್ದು ಮಾತ್ರ. ನಡೆದದ್ದೆಲ್ಲ ಅದರಲ್ಲಿ ಇದೆ ಅಂತ ನಂಬುವ ವಯಸ್ಸು ದಾಟಿದೆ.

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ಬಸ್ಸು. ನಾನು ಮಾಸ್ಕ್ ಹಾಕಿದ್ದೆ. (ಹೌದು, ಈಗಲೂ. ಬಸ್ಸು, ಬ್ಯಾಂಕು, ಆಸ್ಪತ್ರೆ, ಈ ಮೂರು ಕಡೆ ಬಿಡುವುದಿಲ್ಲ. ಅದಕ್ಕೇ ನಮ್ಮ ಬೀದಿಯಲ್ಲಿ ನನಗೊಂದು ಅಡ್ಡಹೆಸರಿದೆ, ಇಲ್ಲಿ ಬರೆಯಲಾರೆ.) ಪಕ್ಕದ ಸೀಟಿನ ಹೆಂಗಸು ಸ್ಟ್ಯಾಂಡ್ ಬಿಟ್ಟಾಗಿನಿಂದ ಕೆಮ್ಮುತ್ತಿದ್ದರು. ಎದೆಯ ಆಳದಿಂದ ಬರುವ ಕೆಮ್ಮು. ಕೈ ಅಡ್ಡ ಇಡುವುದಿರಲಿ, ಮುಖ ಕೂಡ ತಿರುಗಿಸಲಿಲ್ಲ. ಊರು ದಾಟಿ ಗದ್ದೆ ಬಯಲು ಶುರುವಾಗುವ ಹೊತ್ತಿಗೆ ನನ್ನ ಕಡೆ ನೋಡಿದರು. ಮಾಸ್ಕನ್ನು ಇನ್ನೊಂದು ಸಲ ನೋಡಿದರು. ಸೆರಗನ್ನು ಮೂಗಿಗೆ ಒತ್ತಿಕೊಂಡರು. ಎದ್ದು ಹಿಂದಿನ ಸೀಟಿಗೆ ಹೋಗಿ ಕೂತರು.

ಅರ್ಥವಾಯಿತಲ್ಲ? ಕೆಮ್ಮುತ್ತಿದ್ದವರು ಅವರು. ಕಾಯಿಲೆಯವಳು ನಾನು.

ಆಗಲೇ ಯಾರೋ ಕೇಳಿದ್ದು. "ಯಾಕ್ ಮೇಡಂ, ಇನ್ನೂ ಅದಾ ಅದು? ನಮ್ಮೂರಿಂದ ಓಗಿ ವರ್ಸಗಳಾಯ್ತು ಕಣ್ರೀ." ಬಸ್ಸಿಗೆ ಬಸ್ಸೇ ನಕ್ಕಿತು. ಕೆಮ್ಮಿನ ಹೆಂಗಸೂ ನಕ್ಕರು. ನಕ್ಕು ಮತ್ತೆ ಕೆಮ್ಮಿದರು.

ಮರೆಯುವುದು ತಪ್ಪಲ್ಲ. ಅಷ್ಟು ಸಾವನ್ನು ದಿನಾ ನೆನೆಸಿಕೊಂಡು ಯಾರಿಗೆ ತಾನೇ ಬದುಕಲು ಆಗುತ್ತದೆ? ನನ್ನ ತಕರಾರು ಬೇರೆ. ಮರೆಯುವ ಮೊದಲಾದರೂ ನಾವು ಪಾಲಿಸಿದ್ದೆವಾ?

ನನ್ನ ನೆನಪು ಸರಿಯಿದ್ದರೆ, ಆಗಲೂ ಮಾಸ್ಕ್ ಗಲ್ಲದ ಮೇಲೆ ಇರುತ್ತಿತ್ತು. ಇಲ್ಲವೇ ಪೊಲೀಸರಿಗೆ ತೋರಿಸಲು ಜೇಬಿನಲ್ಲಿ. ಇಲ್ಲವೇ ಬೈಕಿನ ಕನ್ನಡಿಗೆ ನೇತುಹಾಕಿಕೊಂಡು. ರೇಷನ್ ಅಂಗಡಿ ಮುಂದೆ ಸುಣ್ಣದಲ್ಲಿ ವೃತ್ತ ಬರೆದಿದ್ದರು, ಒಬ್ಬೊಬ್ಬರು ಒಂದೊಂದರಲ್ಲಿ ನಿಲ್ಲಲಿ ಅಂತ. ಜನ ಒಂದೊಂದು ವೃತ್ತದಲ್ಲಿ ಒಂದೊಂದು ಚೀಲ ಇಟ್ಟು, ಚೀಲ ಹಾರದಿರಲಿ ಅಂತ ಕಲ್ಲು ಹೇರಿ, ತಾವೆಲ್ಲ ಹುಣಸೆ ಮರದ ನೆರಳಿನಲ್ಲಿ ಗುಂಪಾಗಿ ಕೂತು ಮಾತಾಡುತ್ತಿದ್ದರು. ಚೀಲಗಳು ಮಾತ್ರ ಬಹಳ ಶಿಸ್ತಿನಿಂದ ಅಂತರ ಕಾಯ್ದುಕೊಂಡವು. ಆ ಚೀಲಗಳಿಗೆ ಏನೂ ಆಗಲಿಲ್ಲ ಅಂತ ಕಾಣುತ್ತದೆ.

ತಿಳಿವಳಿಕೆ ಇಲ್ಲ ಜನಕ್ಕೆ ಅಂತ ನಮ್ಮಂಥ ಓದಿದವರು ಹೇಳುತ್ತೇವೆ. ನಾನೂ ಹೇಳಿದ್ದೇನೆ, ಭಾಷಣವನ್ನೇ ಮಾಡಿದ್ದೇನೆ. ಅದು ಸುಳ್ಳು ಅಂತ ಅವತ್ತು ಬಸ್ಸಿಳಿದು ತಮ್ಮನ ಮನೆಗೆ ಹೋದಾಗ ಗೊತ್ತಾಯಿತು.

ತಮ್ಮ ಮಾದೇವ ಟಿ. ನರಸೀಪುರದ ಹತ್ತಿರ ನಮ್ಮ ಊರಿನಲ್ಲೇ ಇದ್ದಾನೆ. ರೇಷ್ಮೆ ಹುಳ ಸಾಕುತ್ತಾನೆ. ನಾನು ರೇಷ್ಮೆ ಇಲಾಖೆಯಲ್ಲಿದ್ದವಳು. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಸೇರಿದವಳು ಕವಲಂದೆ ಕಡೆಯ ರೈತರಿಗೆ ಬ್ಲೀಚಿಂಗ್ ಪೌಡರಿನ ಪಾಠ ಹೇಳುತ್ತಲೇ ನಿವೃತ್ತಿಯಾದೆ. ಹುಳ ಗೂಡು ಕಟ್ಟುವ ಹೊತ್ತು ಬಂದಿದೆ, ಅಲ್ಲೊಂದು ಇಲ್ಲೊಂದು ಸಪ್ಪಗೆ ಕಾಣುತ್ತಿವೆ, ಬಂದು ನೋಡಿ ಹೋಗು ಅಂತ ಫೋನ್ ಮಾಡಿದ್ದ. ಅವ್ವ ಹೋದ ಮೇಲೆ ನಮ್ಮಿಬ್ಬರ ನಡುವೆ ಮಾತೆಂದರೆ ಹುಳದ ಮಾತೇ. ಬೇರೇನೂ ಉಳಿದಿಲ್ಲ.

ಹುಳದ ಮನೆ ಹಿತ್ತಲಲ್ಲಿದೆ. ನಾನು ನೇರ ಒಳಗೆ ನುಗ್ಗಲು ಹೋದೆ. ಮಾದೇವ ಅಡ್ಡ ನಿಂತ. ಚಪ್ಪಲಿ ಬಿಡಿಸಿದ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿಚೀಲ ಹಾಸಿತ್ತು, ಅದರ ಮೇಲೆ ಎರಡೂ ಕಾಲು ಇಡಿಸಿದ. ಬಕೆಟ್ಟಿನಲ್ಲಿ ಕೈ ತೊಳೆಸಿದ, ಮೊಣಕೈವರೆಗೆ. ತಾನೂ ತೊಳೆದ. ಮೊಳೆಗೆ ನೇತುಹಾಕಿದ್ದ ಮಾಸ್ಕ್ ತೆಗೆದು ಹಾಕಿಕೊಂಡ. ಮೂಗಿನ ಮೇಲಿನ ತಂತಿಯನ್ನು ಒತ್ತಿ ಕೂರಿಸಿದ. ಎಷ್ಟು ಚೆನ್ನಾಗಿ ಒತ್ತಿದ ಅಂದರೆ ಯಾವ ನರ್ಸಿಗೂ ಕಡಿಮೆಯಿಲ್ಲ.

ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಜಮೀನಿನ ಪುಟ್ಟಸ್ವಾಮಿ ಕೂಗಿದ. ಏನೋ ಹತ್ಯಾರ ಬೇಕಿತ್ತು. ಮಾದೇವ ಒಳಗೆ ಬಾ ಅನ್ನಲಿಲ್ಲ. ಪುಟ್ಟಸ್ವಾಮಿಯೂ ಬರಲಿಲ್ಲ. ಅವನ ಮನೆಯ ಹುಳಕ್ಕೆ ಹಾಲುತೊಂಡೆ ಬಿದ್ದಿತ್ತಂತೆ. ಹುಳ ಊದಿಕೊಂಡು ಹಾಲಿನಂಥ ರಸ ಸುರಿಸಿ ಸಾಯುವ ರೋಗ ಅದು, ಕಾಲಿಗೆ ಅಂಟಿ ಮನೆಯಿಂದ ಮನೆಗೆ ಹೋಗುತ್ತದೆ. "ನಾ ಬರಾಕಿಲ್ಲ ಕಣಪ್ಪ, ನಮ್ಮನೇಲಿ ಬಿದ್ದದೆ. ಅಲ್ಲಿಂದ್ಲೇ ಎಸಿ" ಅಂದ. ಮಾದೇವ ಎಸೆದ. ಇಬ್ಬರಲ್ಲಿ ಯಾರಿಗೂ ಬೇಜಾರಿಲ್ಲ. ಪುಟ್ಟಸ್ವಾಮಿ ನಗುನಗುತ್ತಲೇ ಹೋದ.

ಇದಕ್ಕಿಂತ ಒಳ್ಳೆಯ ಕ್ವಾರಂಟೈನ್ ನಾನು ಎಲ್ಲೂ ಕಂಡಿಲ್ಲ.

ಆಗ ನನಗೆ ತಡೆಯಲಾಗಲಿಲ್ಲ. ವರ್ಷಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು. ಹಿನ್ನೆಲೆ ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ.

ಎರಡನೇ ಅಲೆಯ ಬೇಸಿಗೆ. ಮಾದೇವನ ಮಗಳ ಮದುವೆ. ಮದುವೆಗೆ ಇಷ್ಟೇ ಜನ ಅಂತ ಸರ್ಕಾರದ ಆರ್ಡರ್ ಇತ್ತು. ಮಾದೇವ ಅದನ್ನು ಚಾಚೂತಪ್ಪದೆ ಪಾಲಿಸಿದ. ಪಟ್ಟಿ ಬರೆದು ಕೊಟ್ಟು ಪರ್ಮಿಷನ್ ತಂದ, ಒಬ್ಬರೂ ಹೆಚ್ಚಿಲ್ಲದಂತೆ ತಾಳಿ ಕಟ್ಟಿಸಿದ. ನಾನು ಎಲ್ಲರ ಮುಂದೆ ಅವನನ್ನು ಹೊಗಳಿದೆ. ಮೂರನೇ ದಿನ ಬೀಗರ ಊಟ. ನಮ್ಮ ಕಡೆ ಮದುವೆಗೆ ಬರದಿದ್ದರೂ ಕ್ಷಮಿಸುತ್ತಾರೆ, ಬೀಗರ ಊಟಕ್ಕೆ ಕರೆಯದಿದ್ದರೆ ಮೂರು ತಲೆಮಾರು ಮಾತಾಡಿಸುವುದಿಲ್ಲ. ಇಡೀ ಕೇರಿ, ಸುತ್ತಲ ನಾಲ್ಕು ಊರಿನ ನೆಂಟರು, ಪಂಕ್ತಿ ಮೇಲೆ ಪಂಕ್ತಿ, ಎಲೆಗೆ ಎಲೆ ಅಂಟಿಸಿ. ಫೋನ್ ಮಾಡಿ ಕಿರುಚಾಡಿದೆ. ಅವನು ನಿಜವಾಗಿಯೂ ಗೊಂದಲಕ್ಕೆ ಬಿದ್ದು ಹೇಳಿದ, "ಅಕ್ಕ, ರೂಲು ಮಾಡಿರಾದು ಮದ್ವೆಗೆ. ಇದು ಊಟ ಅಲ್ವಾ?"

ನಾನು ಊಟಕ್ಕೆ ಹೋಗಲಿಲ್ಲ. ಅದನ್ನು ದೊಡ್ಡ ಪ್ರತಿಭಟನೆ ಅಂದುಕೊಂಡಿದ್ದೆ.

ಅವ್ವ ಆ ಮನೆಯಲ್ಲೇ ಇದ್ದಳು, ನಡುಮನೆ ಪಕ್ಕದ ಕೋಣೆಯಲ್ಲಿ. ಬಂದವರೆಲ್ಲ ಒಳಗೆ ಹೋಗಿ ಕೈ ಹಿಡಿದು, ಕೆನ್ನೆ ಸವರಿ, ಚೆನ್ನಾಗಿದ್ದೀಯೇನವ್ವ ಅಂತ ವಿಚಾರಿಸಿ ಹೋದರಂತೆ. ವಾರದೊಳಗೆ ಅವ್ವನಿಗೆ ಜ್ವರ. ಮೈಸೂರಿನಲ್ಲಿ ಹಾಸಿಗೆ ಸಿಕ್ಕಿದ್ದೇ ತಡವಾಗಿ. ಆಮೇಲೆ ನಾವು ಅವಳನ್ನು ನೋಡಿದ್ದು ಕಟ್ಟಿದ ಕವರಿನ ಹೊರಗಿನಿಂದ. ಅದು ಅವ್ವನೇ ಅಂತ ಆಸ್ಪತ್ರೆಯವರು ಹೇಳಿದರು, ನಾವು ನಂಬಿದೆವು.

ಮಾದೇವ ಕೊಂದ. ಹೌದು, ಹಾಗೇ ಅಂದುಕೊಂಡು ಇಷ್ಟು ವರ್ಷ ಕಳೆದಿದ್ದೇನೆ. ಬಾಯಿಬಿಟ್ಟು ಅಂದಿಲ್ಲ. ಅನ್ನದೇ ಇದ್ದದ್ದು ಅವನಿಗೆ ಕೇಳಿಸದೇ ಇರಲಿಲ್ಲ.

ಅವತ್ತು ಹುಳದ ಮನೆ ಬಾಗಿಲಲ್ಲಿ, ಒದ್ದೆ ಗೋಣಿಚೀಲದ ಮೇಲೆ ನಿಂತು ಕೇಳಿಯೇ ಬಿಟ್ಟೆ. "ಹುಳಕ್ಕೆ ಇಷ್ಟೆಲ್ಲಾ ಮಾಡ್ತೀಯಲ್ಲೋ ಮಾದೇವ. ಅವ್ವಂಗೆ ಯಾಕೋ ಮಾಡ್ಲಿಲ್ಲ?"

ಅವನು ಮಾಸ್ಕ್ ತೆಗೆಯಲಿಲ್ಲ. ಕಣ್ಣು ಮಾತ್ರ ಕಾಣುತ್ತಿತ್ತು.

"ಉಳಕ್ಕೆ ಬೇಜಾರಾಗಾಕಿಲ್ಲ ಅಕ್ಕ" ಅಂದ.

ಅವನು ನಿಧಾನವಾಗಿ ಹೇಳಿದ. ಮದುವೆಗೆ ಮುಂಚೆ ಟಿವಿಯಲ್ಲಿ ನೋಡಿ ಅವನೂ ಹೆದರಿದ್ದನಂತೆ. ಅವ್ವನ ಕೋಣೆ ಬಾಗಿಲಲ್ಲೇ ತಟ್ಟೆ ಇಟ್ಟು, ಹೊರಗೆ ನಿಂತು ಮಾತಾಡಿಸಿದ್ದನಂತೆ. ಎರಡು ದಿನ ಅವ್ವ ಏನೂ ಅನ್ನಲಿಲ್ಲ. ಮೂರನೇ ದಿನ ತಟ್ಟೆ ಮುಟ್ಟಲಿಲ್ಲ. ಆಗ ಅವಳು ಅಂದದ್ದನ್ನು ಅವನು ಅವಳ ದನಿಯಲ್ಲೇ ಅಂದ.

"ಅಟ್ಟಿ ಆಚೆ ನಿಂತು ನೀರ್ ಉಯ್ಸ್ಕಂಡೆ. ಓಟ್ಲಾಚೆ ನಿಂತು ಟೀ ಕುಡ್ದೆ. ಈಗ ಎತ್ತ ಮಕ್ಳೂ ದೂರ ನಿಂತ್ರಾ?"

ನಮ್ಮ ಕೇರಿಯಲ್ಲಿ ಹುಟ್ಟಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಅಂತರ ಕಾಪಾಡಿ ಅಂತ ಮೈಕಿನಲ್ಲಿ ಕೂಗಿಕೊಂಡು ಆಟೋ ಹೋದಾಗ ನನಗೆ ವೈರಸ್ ನೆನಪಾಯಿತು. ಅವ್ವನಿಗೆ ಏನು ನೆನಪಾಗಿರಬೇಕು? ಎಂ.ಎಸ್ಸಿ. ಓದಿದ ಮಗಳಿಗೆ ಇದು ಹೊಳೆಯಲೇ ಇಲ್ಲ. ಹಾಗಂತ ಮಾದೇವ ಮಾಡಿದ್ದು ಸರಿಯಾಯಿತಾ? ಆಗಲಿಲ್ಲ. ವೈರಸ್ಸಿಗೆ ಬೇಜಾರು, ಮಾನ, ಹಳೆಯ ಗಾಯ ಯಾವುದೂ ತಿಳಿಯುವುದಿಲ್ಲ. ಅವ್ವನ ಮನಸ್ಸು ಉಳಿಯಿತು, ಅವ್ವ ಉಳಿಯಲಿಲ್ಲ. ಬಸ್ಸಿನ ಜನ, ಹುಣಸೆ ಮರದ ಜನ ಎಲ್ಲರೂ ಅಷ್ಟೇ ಇರಬಹುದು. ಗೊತ್ತಿಲ್ಲ ಅಂತಲ್ಲ. ಎದುರಿಗಿರುವವರ ಮುಖ ಬಾಡುತ್ತದೆ ಅಂತ. ಆಮೇಲೆ ಆ ಮುಖವೇ ಇರುವುದಿಲ್ಲ. ಇದಕ್ಕೆ ಯಾವ ಬ್ಲೀಚಿಂಗ್ ಪೌಡರು ಹಾಕುವುದು? ನನಗಂತೂ ತಿಳಿಯದು. ಇನ್ನೊಂದು ಕಾಯಿಲೆ ಬಂದರೂ ನಾವು ಹೀಗೇ ಇರುತ್ತೇವೆ ಅನ್ನುವುದಷ್ಟೇ ತಿಳಿದಿದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮಾದೇವ ಹುಳದ ತಟ್ಟೆಗಳ ಕಡೆ ತಿರುಗಿ, ಬೆನ್ನು ಹಾಕಿಕೊಂಡೇ ಇನ್ನೊಂದು ಮಾತು ಅಂದ. "ಊಟ ಆದ್ ಮೇಲೆ ನೀನೂ ಬಂದಿದ್ದಲ್ಲ ಅಕ್ಕ. ನಿಂಗೂ ಅದ್ನೇ ಅಂದ್ಲು ಅವ್ವ."

ಬಂದಿದ್ದೆ. ಅದು ನೆನಪಿದೆ. ಊಟವಾದ ಮಾರನೆಯ ದಿನ, ಹಣ್ಣು ಹಿಡಿದುಕೊಂಡು. ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿ ಅವ್ವನ ಕೋಣೆ ಬಾಗಿಲಲ್ಲೇ ನಿಂತಿದ್ದೆ, ಒಳಗೆ ಕಾಲಿಡಲಿಲ್ಲ. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ! ಈ ಅಂಕಣದಲ್ಲೂ ಒಮ್ಮೆ ಬರೆದಿದ್ದೇನೆ ಅಂತ ಕಾಣುತ್ತದೆ. ಅವ್ವ ಹಾಗೆ ಅಂದದ್ದು ಮಾತ್ರ ನೆನಪಿಲ್ಲ. ಒಂದು ಅಕ್ಷರವೂ ನೆನಪಿಲ್ಲ.

ಇನ್ನೊಂದು ನೆನಪಿದೆ. ಅನ್ನ ಸಾರು ಮಿದ್ದು ಅವ್ವನಿಗೆ ತುತ್ತು ಕೊಡುತ್ತಿದ್ದೇನೆ. ಅವಳ ತುಟಿ ನನ್ನ ಬೆರಳಿಗೆ ತಾಗುತ್ತದೆ. ಅವಳು ನನ್ನ ಮುಖ ನೋಡಿ ನಗುತ್ತಾಳೆ. ಅದೂ ಅದೇ ದಿನದ್ದು, ಕೊನೆಯ ಸಲ ಅವಳನ್ನು ನೋಡಿದ ದಿನದ್ದು. ಇಷ್ಟು ವರ್ಷ ಈ ಎರಡೂ ನೆನಪನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಬದುಕಿದ್ದೇನೆ, ಒಂದಕ್ಕೊಂದು ತಾಳೆ ನೋಡಿರಲೇ ಇಲ್ಲ. ಬಾಗಿಲಲ್ಲಿ ನಿಂತವಳು ಮಂಚದ ಮೇಲಿರುವವಳಿಗೆ ತುತ್ತು ಕೊಡುವುದು ಹೇಗೆ?

ಮನೆಗೆ ಬಂದು ಆ ವರ್ಷದ ಡೈರಿ ತೆಗೆದೆ. ಅವತ್ತಿನ ಪುಟದಲ್ಲಿ ಒಂದೇ ಸಾಲು: "ಅವ್ವನನ್ನು ನೋಡಿ ಬಂದೆ. ಎರಡು ತುತ್ತು ತಿಂದಳು. ಬಿಸಿಲು." ಮಾಸ್ಕಿನ ಸುದ್ದಿ ಇಲ್ಲ. ಹಾಕಿದ್ದರೆ ಬರೆಯುತ್ತಿದ್ದೆನಾ? ತೆಗೆದಿದ್ದರೆ ಬರೆಯುತ್ತಿದ್ದೆನಾ? ಹಿಂದಿನ ದಿನದ ಪುಟ ತಿರುಗಿಸಿದೆ. ತಿರುಗಿಸಬಾರದಿತ್ತು. "ಗಂಟಲು ಕೆರೆತ. ಉಪ್ಪುನೀರು ಮುಕ್ಕಳಿಸಿದೆ. ಧೂಳಿಗಿರಬೇಕು."

ಧೂಳಿಗೇ ಇರಬಹುದು. ನಾನು ಆಮೇಲೆ ಜ್ವರ ಬಂದು ಮಲಗಲಿಲ್ಲ, ಟೆಸ್ಟನ್ನೂ ಮಾಡಿಸಲಿಲ್ಲ. ಬೀಗರ ಊಟದಲ್ಲಿ ಬಡಿಸಿದವರಲ್ಲಿ ಕೆಲವರಿಗೆ ಜ್ವರ ಬಂದದ್ದೂ ನಿಜ. ಅವ್ವನಿಗೆ ಅದು ಯಾರ ಕೈಯಿಂದ ಹೋಯಿತು ಅಂತ ಇನ್ನು ಯಾವ ಲ್ಯಾಬೂ ಹೇಳುವುದಿಲ್ಲ. ಆದರೆ ಆ ಕೋಣೆಯೊಳಗೆ ನಾನು ಹೇಗಿದ್ದೆ ಅನ್ನುವುದನ್ನು ಹೇಳಬಲ್ಲವನು ಒಬ್ಬನಿದ್ದಾನೆ. ಅವತ್ತು ಪೂರ್ತಿ ಹೊತ್ತು ಹೊಸ್ತಿಲ ಹತ್ತಿರ ನಿಂತಿದ್ದವನು ಅವನು.

ಮಾರನೆಯ ದಿನ ಮಾದೇವನಿಗೆ ಫೋನ್ ಮಾಡಿದೆ. ಕೇಳಿದೆ. ಅವನ ಹಿಂದೆ ಹುಳ ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು, ಅಥವಾ ಕೇಳಿದ ಹಾಗೆ ಅನ್ನಿಸಿತು. ಹುಳ ಹಣ್ಣಾಗಿವೆ, ಗೂಡು ಕಟ್ಟಲು ಚಂದ್ರಿಕೆ ತಟ್ಟಿಗೆ ಬಿಡಬೇಕು, ಆಮೇಲೆ ಮಾಡ್ತೀನಿ ಅಂದು ಫೋನ್ ಇಟ್ಟ.

ಗೂಡು ಕಟ್ಟಿ ಮುಗಿಯಿತು. ಬಿಡಿಸಿ ಮಾರ್ಕೆಟ್ಟಿಗೂ ಹಾಕಿ ಬಂದ. ಬೆಳೆ ಚೆನ್ನಾಗಿ ಬಂತು, ಒಂದು ಹುಳವೂ ರೋಗಕ್ಕೆ ಹೋಗಲಿಲ್ಲ ಅಂತ ತಿಳಿಸಲು ಒಮ್ಮೆ ಫೋನೂ ಮಾಡಿದ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರವಿಲ್ಲ. ನನ್ನನ್ನು ಉಳಿಸಲು ಸುಮ್ಮನಿದ್ದಾನೋ, ನಾನು ಅವನಿಗೆ ಮಾಡಿದ್ದನ್ನೇ ನನಗೆ ಮಾಡುತ್ತಿದ್ದಾನೋ, ಗೊತ್ತಿಲ್ಲ.

ನಾನು ಕೇಳಿದ್ದು ಇಷ್ಟೇ. "ಮಾದೇವ, ಅವತ್ತು ಅವ್ವಂಗೆ ತುತ್ತು ಕೊಡೋವಾಗ ನನ್ನ ಬಾಯಿ ಮೇಲೆ ಮಾಸ್ಕ್ ಇತ್ತಾ?"