ರೆಜಿನ್ ಬಾಯಿಯ ಒದ್ದೆ ಹೆಬ್ಬೆರಳು

ಹೊಸದೇನೇ ಮನೆಗೆ ಬರಲಿ, ರೆಜಿನ್ ಬಾಯಿ ಮೊದಲು ಬಲಗೈ ಹೆಬ್ಬೆರಳನ್ನು ನೀರಿನಲ್ಲಿ ಅದ್ದುತ್ತಿದ್ದರು. ಆಮೇಲೆ ಆ ವಸ್ತುವಿನ ಮೇಲೆ ಸಣ್ಣದೊಂದು ಶಿಲುಬೆ ಎಳೆಯುತ್ತಿದ್ದರು. ಪ್ಲಾಸ್ಟಿಕ್ ಬಕೆಟ್ಟು, ಕೊಡೆ, ಕುಕ್ಕರಿನ ಮುಚ್ಚಳ, ಸಂತೆಯಿಂದ ತಂದ ಹವಾಯಿ ಚಪ್ಪಲಿ, ಯಾವುದನ್ನೂ ಬಿಡುತ್ತಿರಲಿಲ್ಲ. ಅದು ಚರ್ಚಿನಿಂದ ತಂದ ತೀರ್ಥವಲ್ಲ, ಹಿತ್ತಲ ಬಾವಿಯ ನೀರು. ಆ ಒದ್ದೆ ಗೆರೆ ಒಣಗುವ ಮೊದಲೇ ಮಾತು ಬರುತ್ತಿತ್ತು: "ದೇವ್ರ ಆಶೀರ್ವಾದ ನೋಡ, ಮಗಳ!"

ಯಲ್ಲಾಪುರದ ಓಣಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಊರಿಗೆಲ್ಲ ರೆಜಿನ್ ಬಾಯಿ, ನನಗೆ ಮಾವಶಿ, ಎಂದರೆ ಚಿಕ್ಕಮ್ಮ. ಎರಡೂ ಕೊಂಕಣಿ ಮಾತಾಡುವ ಕ್ರೈಸ್ತ ಮನೆಗಳು. ಆದರೆ ಅವರು ಹುಟ್ಟಿ ಬೆಳೆದದ್ದು ಬಯಲುಸೀಮೆಯ ಅಂಚಿನ ಕಿರವತ್ತಿಯಲ್ಲಿ. ಪ್ರಾರ್ಥನೆಯೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಅವರ ಬಾಯಲ್ಲಿ ಆ ಕಡೆಯ ಕನ್ನಡವೇ. ಗಂಡ ಚಿರೆಕಲ್ಲು ಕಡಿಯುತ್ತಿದ್ದವರು, ಮಗು ತೊಟ್ಟಿಲಲ್ಲಿದ್ದಾಗಲೇ ತೀರಿಹೋದರು. ಬಾಯಿ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ದುಡಿದು ಮಗ ಬಸ್ತ್ಯಾಂವನನ್ನು ಬೆಳೆಸಿದರು. ಅವರ ಸೀರೆಯಲ್ಲಿ ಸದಾ ಒಗ್ಗರಣೆಯ ವಾಸನೆ. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು. ಮುಂದಿನ ಹಲ್ಲೊಂದು ಇರಲಿಲ್ಲ.

ಓಣಿಯ ಮೂಲೆಯಲ್ಲಿ ಟಯರ್ ಅಂಗಡಿ ಇಟ್ಟಿದ್ದ ಖಾಸಿಂ ಚಾಚಾನಿಗೆ ಇವರನ್ನು ಕೆಣಕದಿದ್ದರೆ ದಿನ ಹೋಗುತ್ತಿರಲಿಲ್ಲ.

"ಎಂತ ಬಾಯಿ, ನನ್ನ ಅಂಗಡಿ ಎದುರೇ ಇವತ್ತು ಒಂದು ಲಾರಿ ಪಂಕ್ಚರ್ ಆಯ್ತು. ಅದೂ ನಿಮ್ಮ ದೇವ್ರ ಆಶೀರ್ವಾದನಾ?"

"ನಿನಗ ಆಶೀರ್ವಾದ ಹೌದಲ್ಲ! ಆ ಲಾರಿಯಾಂವಗ ಏನಂತ ಅವನ್ನ ಕೇಳು."

"ಹಾಗಾದ್ರೆ ನಿಮ್ಮ ದೇವ್ರು ನನ್ನ ಪಾರ್ಟಿ!"

ಇಬ್ಬರೂ ನಗುತ್ತಿದ್ದರು. ನಾವು ಮಕ್ಕಳೂ ನಗುತ್ತಿದ್ದೆವು. ಈಗ ಆ ಮಾತನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ.

ನಮ್ಮ ಮನೆಗಳಲ್ಲಿ ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಒಂದು ಪದ್ಧತಿ ಇದೆ. ಚಿಕ್ಕವರು ಹಿರಿಯರೊಬ್ಬೊಬ್ಬರ ಮುಂದೆಯೂ ನಿಂತು ಕೈಜೋಡಿಸಿ 'ಬೆಸಾಂವ್ ದಿ' ಎಂದು ಕೇಳಬೇಕು. ಬೆಸಾಂವ್ ಎಂದರೆ ಆಶೀರ್ವಾದವೇ. ಹಿರಿಯರು ತಲೆಯ ಮೇಲೆ ಕೈಯಿಟ್ಟು 'ದೇವ್ ಬರೆಂ ಕರುಂ', ದೇವರು ಒಳ್ಳೆಯದು ಮಾಡಲಿ, ಎನ್ನುತ್ತಾರೆ. ನನ್ನ ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅವಳ ಪಾಳಿ ಸಂಜೆಗೆ ಬಿದ್ದಾಗ ನಾನು ಮಾವಶಿಯ ಮನೆಯಲ್ಲೇ ಇರುತ್ತಿದ್ದೆ. ಬಸ್ತ್ಯಾಂವನಿಗೆ ಆಟಕ್ಕೆ ಓಡುವ ಅವಸರ. ಅರ್ಧ ಕೈಜೋಡಿಸಿ ಓಡುತ್ತಿದ್ದ. ಮಾವಶಿ ಅಂಗಿಯ ಕಾಲರ್ ಹಿಡಿದು ವಾಪಸ್ ಎಳೆಯುತ್ತಿದ್ದರು. "ಅರ್ಧಾ ಕೇಳಿದ್ರ ಅರ್ಧಾ ಸಿಗ್ತೈತಿ. ಸರಿ ನಿಂತು ಕೇಳು."

ಬಸ್ತ್ಯಾಂವ ದೊಡ್ಡವನಾಗಿ ಲಾರಿ ಡ್ರೈವರ್ ಆದ. ಮಾಲೀಕರು ಹೊಸ ಗಾಡಿ ಕೊಟ್ಟ ದಿನ ಮಾವಶಿ ಚೊಂಬಿನಲ್ಲಿ ನೀರು ಹಿಡಿದುಕೊಂಡು ಮುಖ್ಯರಸ್ತೆಗೇ ಹೋದರು. ಲಾರಿಯ ಮೂತಿಯ ಮೇಲೆ ಶಿಲುಬೆ ಎಳೆದರು. ಕೈ ಮೇಲಕ್ಕೆ ಎಟುಕಲಿಲ್ಲ, ನಂಬರ್ ಪ್ಲೇಟಿನ ಪಕ್ಕದಲ್ಲೇ ಎಳೆದರು. "ಎಂಥಾ ಆಶೀರ್ವಾದ ನೋಡ!" ಎಂದು ಓಣಿಯಲ್ಲಿ ಮನೆಮನೆಗೂ ಹೇಳಿ ಬಂದರು. ಅವನು ಮದುವೆಯಾಗಿರಲಿಲ್ಲ. ಘಟ್ಟ ಇಳಿಯುವ ಮುನ್ನ ಪ್ರತಿ ಸಲವೂ ಎಂಜಿನ್ ಆರಿಸದೆ ಗಾಡಿ ನಿಲ್ಲಿಸಿ, ಓಣಿಯೊಳಗೆ ಓಡಿಬಂದು, ತಾಯಿಯೆದುರು ಕೈಜೋಡಿಸಿ ಹೋಗುತ್ತಿದ್ದ.

ಆ ದಿನವೂ ಕೇಳಿಯೇ ಹೋದ. ನಾನು ಮದುವೆಯಾಗಿ ಶಿರಸಿಯಲ್ಲಿದ್ದೆ, ತವರಿಗೆ ಬಂದಿದ್ದೆ. ಅವನು ಬಾಗಿದ್ದನ್ನೂ ಮಾವಶಿ ತಲೆಯ ಮೇಲೆ ಕೈ ಇಟ್ಟದ್ದನ್ನೂ ನಮ್ಮ ಕಟ್ಟೆಯಿಂದ ಕಂಡಿದ್ದೇನೆ. "ಹುಷಾರಾಗಿ ಹೋಗು, ಪುತಾ" ಎಂದರು. ಎಂದಿನಂತೆಯೇ ಎಂದರು, ಹೆಚ್ಚಿಲ್ಲ, ಕಡಿಮೆಯಿಲ್ಲ. ಮಧ್ಯಾಹ್ನ ಅರಬೈಲ್ ಘಟ್ಟದ ತಿರುವಿನಲ್ಲಿ ಲಾರಿ ಕೆಳಗೆ ಹೋಯಿತು. ಬ್ರೇಕ್ ಹಿಡಿಯಲಿಲ್ಲ ಎಂದರು. ಸುದ್ದಿ ಮೊದಲು ತಂದವನು ಖಾಸಿಂ ಚಾಚಾ. ಬಾಗಿಲಲ್ಲಿ ನಿಂತು "ಬಾಯಿ" ಎಂದ, ಘಟ್ಟದ ಕಡೆ ಕೈ ತೋರಿಸಿದ. ಮಾವಶಿ ಅಕ್ಕಿ ಆರಿಸುತ್ತಿದ್ದರು. ಮೊರವನ್ನು ಚೆಲ್ಲದಂತೆ ಕೆಳಗಿಟ್ಟರು.

ಅಪಘಾತದ ವಿಮೆಯ ಪರಿಹಾರ ಬರಲು ವರ್ಷಗಳೇ ಹಿಡಿದವು. ಬಂದ ಮೇಲೂ ಅವರು ಅದನ್ನು ಮುಟ್ಟಲಿಲ್ಲ. ಒಂದು ಮಳೆಗಾಲ ಹಿಂದಿನ ಗೋಡೆ ಕುಸಿದು ಅಡುಗೆಮನೆಯೇ ಬಯಲಾದಾಗ ತಮ್ಮ ಇನಾಸ ಕಿರವತ್ತಿಯಿಂದ ಬಂದು ಹಟ ಹಿಡಿದ. "ಅಕ್ಕ, ಇದರಾಗ ಸತ್ತರ ನಾಳೆ ನನಗ ಮಂದಿ ಏನಂತಾರ?" ಅವರು ಹೂಂ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಆ ದುಡ್ಡಿನಲ್ಲೇ ಆರ್‌ಸಿಸಿ ಮನೆ ಎದ್ದಿತು. ಬಿಳಿ ಟೈಲ್ಸು, ಒಳಗೇ ಬಚ್ಚಲು, ಮುಂದೆ ಎರಡು ಕಂಬ. ಓಣಿಯಲ್ಲಿ ಅಂಥ ಮನೆ ಬೇರೆಯಿರಲಿಲ್ಲ. ನೋಡಲು ಬಂದವರೆಲ್ಲ ಗೋಡೆ ತಡವಿ ಒಂದೇ ಮಾತು ಹೇಳಿದರು: ದೇವರು ಬಾಯಿಯನ್ನು ಆಶೀರ್ವದಿಸಿದ.

ಮನೆಗೆ ತೀರ್ಥ ಹಾಕಿಸುವ ದಿನ ನಾನೂ ಇದ್ದೆ. ಬಾಗಿಲ ಮೇಲೆ ಇನಾಸ ಒಂದು ಕಪ್ಪು ಗ್ರಾನೈಟ್ ಫಲಕ ಕೂಡಿಸಿ ಅಕ್ಕನಿಗೆ ತೋರಿಸದೆ ಬಟ್ಟೆ ಮುಚ್ಚಿದ್ದ. ಎಲ್ಲರೂ ಸೇರಿದ ಮೇಲೆ ಬಟ್ಟೆ ಎಳೆದ. 'ದೇವರ ಆಶೀರ್ವಾದ' ಎಂದು ಚಿನ್ನದ ಬಣ್ಣದ ಅಕ್ಷರ. ಚಪ್ಪಾಳೆ ತಟ್ಟಿದರು. ಹೊಸದಾಗಿ ಬಂದಿದ್ದ ಪಾದ್ರಿಗಳು, ಸಣ್ಣ ವಯಸ್ಸಿನವರು, ಒಳ್ಳೆಯವರು, ಸಂತೋಷದಿಂದಲೇ ಹೇಳಿದರು: "ರೆಜಿನ್ ಬಾಯಿಯವರ ವಿಶ್ವಾಸಕ್ಕೆ ದೇವರು ಕೊಟ್ಟ ಆಶೀರ್ವಾದ ಈ ಮನೆ."

ಮಾವಶಿ ಮೆಟ್ಟಿಲ ಕೆಳಗೆ ನಿಂತಿದ್ದರು. ಧ್ವನಿ ಏರಿಸಲಿಲ್ಲ.

"ಫಾದರ್, ಒಂದ್ ಮಾತು ಕೇಳ್ಲ್ಯಾ?"

"ಕೇಳಿ ಬಾಯಿ."

"ಈ ಮನಿ ಬಂದದ್ದು ನನ್ನ ಮಗಾ ಸತ್ತದ್ದಕ್ಕ. ಇದು ಆಶೀರ್ವಾದ ಆದ್ರ, ಅದಕ್ಕ ಏನ್ ಅನ್ನೂದ್ರಿ?"

ಇನಾಸ ನುಗ್ಗಿ ಬಂದ. "ಏನಕ್ಕ ಇದು, ಬಂದ ಮಂದಿ ಮುಂದ! ದೇವ್ರು ಕೊಟ್ಟದ್ದಕ್ಕ ಹಿಂಗ ಅನ್ನೂದು ಪಾಪ ಐತಿ!"

"ದೇವ್ರು ಕೊಟ್ಟ ಅಂತ ನಿನಗ ಯಾರ್ ಹೇಳಿದ್ರೋ? ವಿಮಾದಾಂವ್ರು ಕೊಟ್ರು."

ಪಾದ್ರಿಗಳು ಪ್ರಾರ್ಥನೆಯ ಪುಸ್ತಕ ಮುಚ್ಚಿದರು. "ನಾನು ಏನು ಹೇಳಲಿ ಬಾಯಿ, ನೀವೇ ಹೇಳಿ" ಎಂದರು. ಆ ಮಾತಿಗಾಗಿ ಅವರ ಮೇಲೆ ನನಗೆ ಇಂದಿಗೂ ಗೌರವವಿದೆ.

"ನೀರು ಚಿಮುಕ್ಸ್ರಿ. ಒಳಗ ಇರೂ ಮಂದಿ ಚೊಲೋ ಇರ್ಲಿ ಅಂತ ಕೇಳ್ರಿ. ಇದಕ್ಕ ಮಾತ್ರ ಆ ಹೆಸರು ಬ್ಯಾಡ್ರಿ. ಮನಿ ಅನ್ರಿ. ಮಳಿ ಸೋರೂದಿಲ್ಲ, ಅಷ್ಟ."

ಸಂಜೆ ಖಾಸಿಂ ಚಾಚಾ ಸ್ಕ್ರೂ ಡ್ರೈವರ್ ತಂದು, ಯಾರೂ ಕರೆಯದಿದ್ದರೂ ಸ್ಟೂಲ್ ಹತ್ತಿ ಫಲಕ ಬಿಚ್ಚಿದ. ಬಾಯಿ ಸ್ಟೂಲ್ ಹಿಡಿದುಕೊಂಡರು. ಪಂಕ್ಚರಿನ ಹಳೆಯ ತಮಾಷೆ ಇಬ್ಬರಿಗೂ ನೆನಪಾಯಿತೆಂದು ನನಗನಿಸಿತು. ಚಾಚಾ ಮಾವಶಿಯ ಮುಖ ನೋಡದೆ ಇಳಿದು ಹೋದ.

ಆಮೇಲೆ ಅಡುಗೆಮನೆಯಲ್ಲಿ ನಾವಿಬ್ಬರೇ ಉಳಿದೆವು. ಹೊಸ ಗ್ಯಾಸ್ ಒಲೆ ಬಂದಿತ್ತು. ಅವರ ಹೆಬ್ಬೆರಳು ಅಭ್ಯಾಸದಂತೆ ಚೊಂಬಿನ ನೀರಿಗೆ ಇಳಿಯಿತು, ಮೇಲೆ ಬಂತು. ಸೆರಗಿಗೆ ಒರೆಸಿಕೊಂಡರು.

"ಬಕೀಟಿಗೂ ಆಶೀರ್ವಾದ ಅಂತಿದ್ದೆ ನಾ. ಕೊಡಿಗೂ ಅಂತಿದ್ದೆ. ದೇವ್ರು ನನ್ನ ಕಡೆ ನೋಡಿದ ಅಂತ ಹಿಗ್ತಿದ್ದೆ. ಬಕೀಟ ಇಲ್ಲದಾಕಿ ಕಡೆ ಅಂವ ನೋಡ್ಲೇ ಇಲ್ಲೇನು? ನನಗ ಆವಾಗ ಹೊಳೀಲಿಲ್ಲ, ಮಗಳ."

"ಹಾಗಾದ್ರೆ ಸಿಕ್ಕಿದ್ದಕ್ಕೆ ಏನೂ ಅನ್ನಬಾರದಾ, ಮಾವಶಿ?"

"ಅನ್ನಬೇಕು. ಉಣ್ಣೂ ಮುಂದ ಈಗೂ ಅಂವಗ ಕೈ ಮುಗೀತೀನಿ. ಆದ್ರ ನನ್ನ ಮ್ಯಾಲೆ ಪ್ರೀತಿ ಹೆಚ್ಚ, ಅದಕ್ಕ ಕೊಟ್ಟ ಅನ್ನೂದಿಲ್ಲ. ಹಂಗಂದ್ರ ನನ್ನ ಮಗನ ಮ್ಯಾಲೆ ಕಡಿಮಿ ಇತ್ತು ಅಂದಂಗ ಆಗ್ತೈತಿ." ಆಮೇಲೆ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. "ಅವತ್ತೂ ಈ ಕೈನ ಇಟ್ಟಿದ್ದೆ ಅವನ ತಲಿ ಮ್ಯಾಲೆ."

ಅಂದಿನಿಂದ ಅವರು ವಸ್ತುಗಳ ಮೇಲೆ ಶಿಲುಬೆ ಎಳೆಯಲಿಲ್ಲ. ಯಾರ ತಲೆಯ ಮೇಲೂ ಕೈ ಇಡಲಿಲ್ಲ. ಚರ್ಚಿನ ಪೂಜೆಗೆ ಹೋಗುತ್ತಿದ್ದರು, ಜಪಸರ ಬಿಡಲಿಲ್ಲ. ಆದರೆ ಅದು ಮುಗಿದ ಮೇಲೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂಡುತ್ತಿದ್ದರು. ಬೆಸಾಂವ್ ಕೇಳುವವನು ಇರಲಿಲ್ಲ ಎಂಬುದೊಂದೇ ಅಲ್ಲ. ಕೇಳಿದರೂ ಕೊಡಲಾರೆ ಎಂಬಂತೆ ಕೂಡುತ್ತಿದ್ದರು. ನಾವು ಕಾರು ಕೊಂಡಾಗ ಗಂಡನನ್ನು ಕರೆದುಕೊಂಡು ಶಿರಸಿಯಿಂದ ಅವರಿಗೆ ತೋರಿಸಲೆಂದೇ ಹೋದೆ. ಆ ಒದ್ದೆ ಹೆಬ್ಬೆರಳು ಬೇಕೆಂಬ ಆಸೆ ನನ್ನೊಳಗಿತ್ತು. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, "ಚೊಲೋ ಐತಿ. ಸಾವಕಾಶ ಹೊಡೀರಿ" ಎಂದು ಚಹಾ ಮಾಡಲು ಒಳಗೆ ಹೋದರು. ಹೊರಡುವಾಗ ನಾನು ಎದುರಿಗೆ ನಿಂತು ಕೈಜೋಡಿಸಿದೆ. ಅವರು ನನ್ನ ಎರಡೂ ಕೈ ಹಿಡಿದು ಕೆಳಗಿಳಿಸಿದರು. "ಬ್ಯಾಡ ಮಗಳ" ಎಂದರು. ದಾರಿಯುದ್ದಕ್ಕೂ ನನ್ನ ಗಂಡ ಸಾವಕಾಶವೇ ಹೊಡೆದರು.

ಕೊನೆಗೆ ಎದೆಯ ನೋವೆಂದು ಶಿರಸಿಯ ಆಸ್ಪತ್ರೆಗೇ ಅವರನ್ನು ತಂದರು. ನಾನು ಅಲ್ಲಿಯ ಶಾಲೆಯೊಂದರಲ್ಲಿ ಟೀಚರ್, ಸಂಜೆ ಶಾಲೆ ಬಿಟ್ಟ ಮೇಲೆ ಹೋಗಿ ಕೂಡುತ್ತಿದ್ದೆ. ಒಂದು ಸಂಜೆ ಪಕ್ಕದ ಹಾಸಿಗೆಯವರು ಗುಣವಾಗಿ ಮನೆಗೆ ಹೊರಟರು. ಅವರ ಮಗಳು ಎಲ್ಲರಿಗೂ ಪೇಡೆ ಕೊಟ್ಟಳು. ಮಾವಶಿ ಪೇಡೆಯನ್ನು ಪೂರ್ತಿ ತಿಂದು, "ಹುಷಾರಾಗಿ ಹೋಗ್ರಿ" ಎಂದರು. ಬಳಿಕ ನಾವಿಬ್ಬರೂ ಸಣ್ಣ ದನಿಯಲ್ಲಿ ಜಪಸರ ಹೇಳಿದೆವು. ಮುಗಿಯಿತು. ಅವರು ಸೂಜಿ ಚುಚ್ಚಿ ಪಟ್ಟಿ ಅಂಟಿಸಿದ್ದ ಕೈಯನ್ನು ಇನ್ನೊಂದು ಕೈಗೆ ಜೋಡಿಸಿದರು. ನನ್ನೆದುರು.

"ಬೆಸಾಂವ್ ದಿ" ಎಂದರು.

ನನಗೆ ಗಾಬರಿಯಾಯಿತು. "ಮಾವಶಿ, ನಾನು. ಪಕ್ಕದ ಮನೆಯವಳು."

"ಗೊತ್ತೈತಿ. ನನಗಿಂತ ದೊಡ್ಡಾಂವ್ರು ಯಾರೂ ಉಳದಿಲ್ಲ. ಯಾರನ್ನ ಕೇಳ್ಲಿ? ನೀ ಕೊಡು."

ನಾನು ಅವರ ತಲೆಯ ಮೇಲೆ ಕೈಯಿಟ್ಟೆ. ಕೂದಲು ತುಂಬ ತೆಳುವಾಗಿತ್ತು.

"ಹಿಂಗ ಹಗೂರ ಅಲ್ಲ. ಒತ್ತಿ ಇಡು. ತಲಿಗೆ ತಿಳೀಬೇಕು."

ಒತ್ತಿ ಇಟ್ಟೆ. "ದೇವ್ ಬರೆಂ ಕರುಂ" ಎಂದೆ. ಆಮೇಲೆ ತಡೆಯಲಾರದೆ ಕೇಳಿಯೂಬಿಟ್ಟೆ: "ಮಾವಶಿ, ಇದರಿಂದ ಏನಾಗ್ತದೆ?"

"ಏನೂ ಆಗೂದಿಲ್ಲ" ಎಂದರು. ಉಸಿರು ತೆಗೆದುಕೊಂಡರು. "ಹೋಗೂ ಮುಂದ ಒಬ್ರು ಮುಟ್ಟಿ ಕಳಿಸಿದ್ರು ಅಂತ ಇರ್ತೈತಿ. ಬಸ್ತ್ಯಾಂವಗ ಅಷ್ಟರೆ ಇತ್ತು."

ಅವರು ಹೋದ ಮೇಲೆ ಆ ಮನೆಗೆ ಬೀಗ ಬಿದ್ದಿದೆ. ಬಾಗಿಲ ಮೇಲೆ ಸ್ಕ್ರೂ ಇದ್ದ ತೂತುಗಳು ಹಾಗೇ ಇವೆ. ನಮ್ಮ ಪ್ರಾರ್ಥನಾ ಕೂಟದಲ್ಲಿ ಯಾರಾದರೂ ಎದ್ದು ಮಹಡಿ ಕಟ್ಟಿಸಿದ ಆಶೀರ್ವಾದಕ್ಕೆ ಸ್ತೋತ್ರ ಎಂದರೆ ನಾನು ಸಂತೋಷಪಡುತ್ತೇನೆ. ಆಮೆನ್ ಮಾತ್ರ ಬಾಯಿಗೆ ಬರುವುದಿಲ್ಲ.

ಆಸ್ಪತ್ರೆಯಲ್ಲಿ ಆ ಸಂಜೆ ಭೇಟಿಯ ಸಮಯ ಮುಗಿದು ನಾನು ಎದ್ದಾಗ ಮಾವಶಿ ಪಕ್ಕದ ಸ್ಟೂಲಿನ ಕಡೆ ಕೈ ಚಾಚಿದರು. ನೀರು ಬೇಕೇನೋ ಎಂದು ಲೋಟ ಎತ್ತಿ ಕೊಟ್ಟೆ. ಕುಡಿಯಲಿಲ್ಲ. ಹೆಬ್ಬೆರಳು ಅದ್ದಿ, ಹತ್ತಿರ ಬಾ ಎಂದು ಕಣ್ಣಲ್ಲೇ ಕರೆದು, ನನ್ನ ಹಣೆಯ ಮೇಲೆ ಶಿಲುಬೆ ಎಳೆದರು. ಯಾವ ಮನುಷ್ಯರ ಮೇಲೂ ಅವರು ಅದನ್ನು ಎಳೆದದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. "ಹುಷಾರಾಗಿ ಹೋಗು, ಮಗಳ" ಎಂದರು. ನಾನು ಮೆಟ್ಟಿಲಿಳಿದು ಬೀದಿಗೆ ಬಂದೆ. ಹಣೆಯ ಮೇಲಿನ ನೀರು ಗಾಳಿಗೆ ತಣ್ಣಗಾಗುತ್ತಿತ್ತು. ಅದಾಗಿಯೇ ಒಣಗುವವರೆಗೆ ಒರೆಸಿಕೊಳ್ಳಲಿಲ್ಲ.